ನೀರಿನ ಸರದಿಗೊಂದು ಬದಲಿ ನಿಯಮ

ನಾನು ಜಗಳಗಂಟಿ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದಾರೆ, ನಾನೊಬ್ಬಳೇ ಒಪ್ಪಿಲ್ಲ. ಜಗಳ ಬೇರೆ, ವಾದ ಬೇರೆ. ಸೊಪ್ಪಿನವಳು ಎಳೆ ದಂಟು ಅಂತ ಹೇಳಿ ಬಲಿತದ್ದು ಕೊಟ್ಟರೆ ನಾನು ಅವಳನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, ಎಳೆ ಅಂದರೆ ಏನು, ಬಲಿತದ್ದು ಅಂದರೆ ಏನು, ನಡುವೆ ಗೆರೆ ಎಲ್ಲಿ ಎಳೀತೀಯ ಅಂತ ಕೇಳುತ್ತೇನೆ. ಅದು ವಾದ. ಸೊಪ್ಪಿನವಳು ಇನ್ನೊಂದು ಕಟ್ಟು ಎಸೆದು ಹೊರಟುಹೋಗುತ್ತಾಳೆ. ಅದನ್ನು ನಮ್ಮ ಮನೆಯವರು ಜಗಳ ಅನ್ನುತ್ತಾರೆ.

ಮದುವೆಗೆ ಮುಂಚೆ ಬಿ.ಕಾಂ. ಮುಗಿಸಿದ್ದೆ. ಆಮೇಲೆ ಸಿಂಗಸಂದ್ರದ ಈ ಮನೆಗೆ ಸೊಸೆಯಾಗಿ ಬಂದೆ, ಮಗಳು ಹುಟ್ಟಿದಳು, ಅವಳು ಬೆಳೆದಳು. ಅವಳು ಹೈಸ್ಕೂಲು ಸೇರಿದ ವರ್ಷ ಒಂದು ದಿನ ಸಾರು ಬಡಿಸುತ್ತಾ, "ನಾನು ಲಾ ಓದ್ತೀನಿ" ಅಂದುಬಿಟ್ಟೆ. ನನ್ನ ಗಂಡ ವೈಟ್‌ಫೀಲ್ಡ್ ಕಡೆಯ ಕಂಪನಿಗಳಿಗೆ ಕಾರು ಓಡಿಸುತ್ತಾನೆ. ದಿನವಿಡೀ ಟ್ರಾಫಿಕ್ಕಿನಲ್ಲಿ ಕೂತು ಕೂತು ಯಾವುದಕ್ಕೂ ಬೇಗ ಅಲ್ಲಾಡದ ಮನುಷ್ಯ. "ಓದು ತಾಯಿ, ಹೊರಗಡೆ ಮಾತಾಡಿ ಸುಸ್ತಾಗಿ ಬಂದ್ರೆ ಮನೇಲಿ ನಾವು ಎರಡು ಮಾತು ಆಡ್ಬೋದು" ಅಂದ. ಮಗಳು ನಕ್ಕಳು. ಅತ್ತೆ ಮಾತ್ರ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

ಅತ್ತೆಯ ಮಾತು ಹೇಳುವುದಕ್ಕೆ ಮುಂಚೆ ನಮ್ಮ ಮನೆಯ ನೀರಿನ ವಿಚಾರ ಹೇಳಬೇಕು. ನಮ್ಮದು ಬಾಡಿಗೆ ಮನೆಗಳ ಕಟ್ಟಡ. ಕೆಳಗೆ ಅಂಗಳದ ಉದ್ದಕ್ಕೂ ಒಂದು ಸಾಲು ರೂಮುಗಳು. ಅಲ್ಲಿರುವವರೆಲ್ಲ ಗದಗ, ಕೊಪ್ಪಳದ ಕಡೆಯಿಂದ ಬಂದು ಬೊಮ್ಮಸಂದ್ರದ ಫ್ಯಾಕ್ಟರಿಗಳಲ್ಲಿ ದುಡಿಯುವವರು. ಮೇಲೆ ಒಂದು ಮಹಡಿ, ಅಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹುಡುಗಿಯರು. ರಸ್ತೆ ಕಡೆಗೆ ಒಂದು ಇಡ್ಲಿ ಅಂಗಡಿ. ಹಿಂದೆ ನಾವು. ತಾರಸಿ ಮೇಲಿನ ಟ್ಯಾಂಕಿನಿಂದ ಈ ನಾಲ್ಕು ಕಡೆಗೂ ನಾಲ್ಕು ಪೈಪು, ಪೈಪಿಗೊಂದೊಂದು ವಾಲ್ವು. ಬೋರಿನಲ್ಲಿ ನೀರು ಕಮ್ಮಿ, ಟ್ಯಾಂಕು ಚಿಕ್ಕದು. ಒಂದು ವಾಲ್ವು ತೆರೆದಾಗ ಇನ್ನೊಂದು ತೆರೆದರೆ ಎರಡೂ ಕಡೆ ನಲ್ಲಿ ಅಳುತ್ತದೆ. ಹಾಗಾಗಿ ಬೆಳಗ್ಗೆ ಸರದಿ. ಮೊದಲು ಕೆಳಗಿನ ಸಾಲು, ಅವರಿಗೆ ಫ್ಯಾಕ್ಟರಿ ಬಸ್ಸು ಬರುತ್ತದೆ. ಆಮೇಲೆ ಇಡ್ಲಿ ಅಂಗಡಿ, ಆಮೇಲೆ ಮೇಲಿನ ಮಹಡಿ, ಕೊನೆಗೆ ನಾವು.

ಈ ಸರದಿ ಮಾಡಿದ್ದು ಅತ್ತೆ. ಅವರಿಗೆ ಮಂಡಿ ನೋವು, ತಾರಸಿ ಹತ್ತಲಾರರು. ಆದ್ದರಿಂದ ದಿನಾ ಬೆಳಗ್ಗೆ ಅವರು ಅಂಗಳದ ಒಗೆಯೋ ಕಲ್ಲಿನ ಮೇಲೆ ಕೂತು ಕೂಗುತ್ತಿದ್ದರು, ನಾನು ಮೇಲೆ ನಿಂತು ವಾಲ್ವು ತಿರುಗಿಸುತ್ತಿದ್ದೆ. "ಅಂಗ್ಡಿಗೆ ಬಿಡು." "ಬಿಟ್ಟೆ." "ಮೂಲೆ ರೂಮ್ನೋರಿಗೆ ನೆಂಟ್ರು ಬಂದವ್ರೆ, ಇನ್ನೊಂಚೂರು ನಿಲ್ಲು." "ಯಾವ ನೆಂಟರು?" "ಎಂಡ್ತಿ ತಮ್ಮ. ಕೂದ್ಲಿಗೆ ಕೆಂಪು ಬಣ್ಣ ಆಕವ್ನೆ." ನೀರಿನ ಕೆಲಸ ಸ್ವಲ್ಪ, ಊರ ಪಂಚಾಯ್ತಿ ಜಾಸ್ತಿ. ನಾವಿಬ್ಬರೂ ಹೀಗೆ ಕೂಗಾಡುವುದು ಬೀದಿಗೆಲ್ಲ ಕೇಳುತ್ತಿತ್ತು, ಯಾರೂ ಅಲಾರಂ ಇಟ್ಟುಕೊಳ್ಳುತ್ತಿರಲಿಲ್ಲ.

ಇಂಥ ಅತ್ತೆ ಅವತ್ತು ಊಟಕ್ಕೆ ಕೂತವರು, "ಅದ್ಯಾವ ಒತ್ನಲ್ಲಿ ಕಾಲೇಜು?" ಅಂತ ಕೇಳಿದರು. ಬೆಳಗ್ಗೆ ಅಂದೆ. ಕೆಲಸಕ್ಕೆ ಹೋಗುವವರೂ ಓದಲಿ ಅಂತ ಆ ಲಾ ಕಾಲೇಜಿನಲ್ಲಿ ಬೆಳಗ್ಗೆ ಬೇಗ ಪಾಠ ಶುರು ಮಾಡುತ್ತಾರೆ. ನಾನು ಮನೆ ಬಿಡುವ ಹೊತ್ತು, ನೀರು ಬಿಡುವ ಹೊತ್ತು, ಎರಡೂ ಒಂದೇ.

"ಓದ್ಕೋ, ನಾನ್ಯಾಕ್ ಬ್ಯಾಡ ಅನ್ಲಿ. ಆದ್ರೆ ನೀರಿನ ಸರದಿ ಈಗ ಎಂಗೈತೋ ಅಂಗೇ ಇರ್ಬೇಕು. ಯಾರ ಬಾಯಲ್ಲೂ ಒಂದ್ ಮಾತು ಬರ್ಬಾರ್ದು. ಅದನ್ನ ಮಾಡಿ ತೋರ್ಸು, ಆಮ್ಯಾಕ್ ಓಗು. ಸರದಿ ಕೆಟ್ರೆ ಕಾಲೇಜಿಲ್ಲ." ಇಷ್ಟು ಹೇಳಿ ಮುದ್ದೆ ನುಂಗಿದರು. ನಾನು ಹಿಂದೆ ಮುಂದೆ ನೋಡದೆ ಆಯ್ತು ಅಂದೆ. ನೀರು ತಾನೇ, ಯಾರು ತಿರುಗಿಸಿದರೂ ಬರುತ್ತದೆ ಅಂದುಕೊಂಡೆ.

ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುವುದಕ್ಕೆ ನನಗೆ ಜೊತೆ ಸಿಕ್ಕಿದ್ದು ಮೇಲಿನ ಮಹಡಿಯ ಒಬ್ಬ ಹುಡುಗಿ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಇನ್ನೊಬ್ಬರು ಮಾಡಿದ ತಪ್ಪು ಹುಡುಕಿ ಹುಡುಕಿ ಬೇಜಾರಾಗಿದೆ ಅಕ್ಕ, ಅದಕ್ಕೇ ನಾನೂ ಲಾ ಎಂಟ್ರೆನ್ಸ್ ಬರೀತೀನಿ ಅಂದಳು. ವಕೀಲರು ಮಾಡೋದೂ ಅದೇ ಅಲ್ವೇನೇ ಅಂದೆ. ಅಲ್ಲಿ ಕೂಗಾಡ್ಬೋದಲ್ವಾ ಅಂದಳು. ಹುಡುಗಿ ನನಗೆ ಹಿಡಿಸಿಬಿಟ್ಟಳು. ಭಾನುವಾರ ಸಾಯಂಕಾಲ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು.

ನಾನು ಲಾ ಪರೀಕ್ಷೆ ಅಂದರೆ ಸೆಕ್ಷನ್ನು, ಕಾಯಿದೆ ಎಲ್ಲ ಬಾಯಿಪಾಠ ಮಾಡಬೇಕೇನೋ ಅಂದುಕೊಂಡಿದ್ದೆ. ನಾವು ಬರೆಯಬೇಕಿದ್ದ ಪರೀಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಬದಲಿಗೆ ಒಗಟು. ಏಳು ಜನ ಏಳು ಕುರ್ಚಿಯಲ್ಲಿ ಕೂರಬೇಕು, ಇವನ ಪಕ್ಕ ಅವನು ಕೂರಕೂಡದು, ಅವಳಿಗಿಂತ ಮುಂಚೆ ಇವಳು ಕೂರಬೇಕು, ಹಾಗಾದರೆ ಮೂರನೇ ಕುರ್ಚಿಯಲ್ಲಿ ಯಾರು? ಮೊದಲ ದಿನವೇ ನನಗೆ ಖುಷಿಯಾಯಿತು. ಮದುವೆ ಮನೆಯಲ್ಲಿ ಯಾರ ಪಕ್ಕ ಯಾರನ್ನು ಊಟಕ್ಕೆ ಕೂರಿಸಬಾರದು ಅಂತ ಲೆಕ್ಕ ಹಾಕಿದ ಯಾವ ಹೆಂಗಸಿಗೂ ಇದು ಕಷ್ಟವಲ್ಲ. ಒಗಟಿನ ಕೊನೆಯಲ್ಲಿ ಬರುವ ಒಂದು ಜಾತಿಯ ಪ್ರಶ್ನೆ ಮಾತ್ರ ನನ್ನ ಜೀವ ಹಿಂಡಿತು. ಮೇಲಿನ ನಿಯಮಗಳಲ್ಲಿ ಇಂಥ ಒಂದನ್ನು ತೆಗೆದುಹಾಕಿದರೆ, ಅದರ ಜಾಗದಲ್ಲಿ ಯಾವ ನಿಯಮ ಇಟ್ಟರೆ ಫಲ ಅದೇ ಬರುತ್ತದೆ? ಕೆಳಗೆ ಐದು ಉತ್ತರ. ಐದೂ ನೋಡೋಕೆ ಸಾಧು.

ಇಂಗ್ಲಿಷಿನ ಹೆಸರುಗಳು ನನ್ನ ತಲೆಗೆ ಹತ್ತುವುದಿಲ್ಲ ಅಂತ ಪ್ರತಿ ಒಗಟನ್ನೂ ನಮ್ಮ ಬೀದಿಗೆ ತಂದುಕೊಳ್ಳುತ್ತಿದ್ದೆ. ಬೆಳಗ್ಗೆ ಬೀದಿಗೆ ಐದು ಜನ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ ಅನ್ನಿ: ಹಾಲಿನವನು, ಪೇಪರಿನವನು, ಸೊಪ್ಪಿನವಳು, ಹೂವಿನವಳು, ಇಸ್ತ್ರಿಯವನು. ನಿಯಮ ಏನೆಂದರೆ, ಪೇಪರು, ಸೊಪ್ಪು, ಹೂವು ಈ ಮೂವರಿಗಿಂತಲೂ ಹಾಲಿನವನು ಮುಂಚೆ ಬರಬೇಕು. ಇಸ್ತ್ರಿಯವನ ಬಗ್ಗೆ ನಿಯಮ ಏನೂ ಹೇಳಿಲ್ಲ. ಈಗ ಈ ನಿಯಮ ತೆಗೆದು, ಅದಕ್ಕೆ ಸಮನಾದ ಇನ್ನೊಂದು ಇಡಬೇಕು.

ನಾನು ಥಟ್ಟನೆ ಹೇಳಿದೆ: "ಹಾಲಿನವನು ಮೊದಲನೆಯವನಾಗಿರಬೇಕು, ಇಲ್ಲಾ ಎರಡನೆಯವನಾಗಿರಬೇಕು." ಯಾಕೆ ಅಂದರೆ ಅವನಿಗಿಂತ ಮುಂಚೆ ಬರಲು ಸಾಧ್ಯ ಇರುವವನು ಇಸ್ತ್ರಿಯವನೊಬ್ಬನೇ. ಸರಿಯಾಗೇ ಇದೆಯಲ್ಲ. ಉತ್ತರ ನೋಡಿದರೆ ತಪ್ಪು ಅಂತಿತ್ತು. ಉತ್ತರವೇ ತಪ್ಪು ಅಂತ ನಾನು ಹಟ ಹಿಡಿದೆ. ಪುಸ್ತಕ ಅಚ್ಚು ಹಾಕಿದವನಿಂದ ಹಿಡಿದು ಎಲ್ಲರಿಗೂ ಬೈದೆ. ಹುಡುಗಿ ಪಾಪ ನಾನು ಉಸಿರು ಎಳೆದುಕೊಳ್ಳಲಿ ಅಂತ ಕಾದಳು.

"ಅಕ್ಕ, ಪೇಪರ್‌ನವನು ಫಸ್ಟ್ ಬಂದ, ಹಾಲಿನವನು ಸೆಕೆಂಡ್ ಬಂದ ಅನ್ಕೊಳಿ. ನಿಮ್ಮ ಹೊಸ ರೂಲು ಓಕೆ ಅನ್ನತ್ತೆ. ಹಳೇ ರೂಲು ಓಕೆ ಅನ್ನತ್ತಾ?"

ಅನ್ನುವುದಿಲ್ಲ. ನಾನು ಹೇಳಿದ ಮಾತು ನಿಜವೇ, ಆದರೆ ನಿಜವಾಗಿದ್ದರೆ ಸಾಲದು. ಬಾಗಿಲು ಜಾಸ್ತಿ ತೆರೆದುಬಿಟ್ಟಿತ್ತು, ಬರಬಾರದವನೂ ಒಳಗೆ ಬಂದಿದ್ದ. ಸರಿ, ಬಿಗಿ ಮಾಡೋಣ ಅಂತ "ಹಾಲಿನವನೇ ಮೊದಲು ಬರಬೇಕು" ಅಂದೆ. ಆಗ ಇಸ್ತ್ರಿಯವನು ಹೊರಗೆ ಉಳಿದ. ಅವನು ಮೊದಲು ಬರಬಹುದು ಅಂತ ಹಳೆಯ ನಿಯಮ ಬಿಟ್ಟಿತ್ತಲ್ಲ. ಕೊನೆಗೆ ಸರಿ ಉತ್ತರ ಓದಿದೆವು: ಹಾಲಿನವನಿಗಿಂತ ಮುಂಚೆ ಯಾರಾದರೂ ಬಂದರೆ ಅವನು ಇಸ್ತ್ರಿಯವನೇ ಆಗಿರಬೇಕು. ಮೂವರ ಹೆಸರು ಎತ್ತದೆ ನಾಲ್ಕನೆಯವನ ಹೆಸರು ಹೇಳಿ ಅದೇ ಕೆಲಸ ಮಾಡಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಇದು ನನಗೆ ಹೊಳೆಯಬೇಕಿತ್ತು ಅಂತ.

ಅವತ್ತಿನಿಂದ ಎರಡು ಪ್ರಶ್ನೆ ಕೇಳಿಕೊಳ್ಳುವುದು ರೂಢಿ ಮಾಡಿಕೊಂಡೆ. ಹಳೆಯದು ಬೇಡ ಅಂದದ್ದನ್ನು ಹೊಸದು ಒಳಗೆ ಬಿಡುತ್ತಿದೆಯಾ? ಹಳೆಯದು ಇರಲಿ ಅಂದದ್ದನ್ನು ಹೊಸದು ಹೊರಗೆ ತಳ್ಳುತ್ತಿದೆಯಾ? ಎರಡಕ್ಕೂ ಇಲ್ಲ ಅಂತ ಬಂದರೆ ಮಾತ್ರ ಸಮ. ಅಡುಗೆ ಮಾಡುವಾಗಲೂ ಇದೇ ಗುಂಗು. ಹುಣಿಸೆಹಣ್ಣಿಗೆ ಬದಲು ಟೊಮೆಟೊ ಹಾಕಿ, ಸಮ ಆಯಿತಾ ಅಂತ ಮಗಳನ್ನು ಕೇಳಿದರೆ, "ಅಮ್ಮ, ಸುಮ್ನೆ ಸಾರು ಬಡಿಸು" ಅನ್ನುತ್ತಿದ್ದಳು.

ನೀರಿನ ವಿಷಯವೂ ಇದೇ ಒಗಟು ಅಂತ ಒಂದು ಬೆಳಗ್ಗೆ ವಾಲ್ವು ತಿರುಗಿಸುತ್ತಿರುವಾಗಲೇ ಹೊಳೆಯಿತು. ಈಗಿನ ನಿಯಮ: ಸೊಸೆ ವಾಲ್ವು ತಿರುಗಿಸಬೇಕು. ಅದನ್ನು ತೆಗೆದು, ಸೊಸೆಯಿಲ್ಲದ ಒಂದು ನಿಯಮ ಇಡಬೇಕು. ನೀರು ಮಾತ್ರ ಹಿಂದಿನ ಹಾಗೇ ಹರಿಯಬೇಕು. ಅತ್ತೆ ಕೇಳಿದ್ದು ಇಷ್ಟೇ ತಾನೇ. ನಾನು ಕುಣಿಯುವುದೊಂದು ಬಾಕಿ.

ಮೊದಲ ನಿಯಮ ಮಾಡಿದೆ: ಅವರವರ ಹೊತ್ತಿಗೆ ಅವರವರೇ ತೆರೆಯಬೇಕು, ಕೆಲಸ ಮುಗಿದ ಮೇಲೆ ಅವರೇ ಮುಚ್ಚಬೇಕು. ಎಲ್ಲರನ್ನೂ ಅಂಗಳಕ್ಕೆ ಕರೆದು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಮಾರನೆಯ ಬೆಳಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತೆ, ಜಂಬದಿಂದ.

ಕೆಳಗಿನ ಸಾಲಿನ ಪರವಾಗಿ ಒಬ್ಬ ಹೆಂಗಸು ಹೋಗಿ ತೆರೆದಳು. ಬೊಮ್ಮಸಂದ್ರದಲ್ಲಿ ಮಾತ್ರೆ ಪ್ಯಾಕು ಮಾಡುವವಳು, ಗದಗದವಳು. ನೀರು ಹಿಡಿದಳು, ಅಷ್ಟರಲ್ಲಿ ಬಸ್ಸು ಹಾರ್ನು ಹಾಕಿತು, ಡಬ್ಬಿ ಎತ್ತಿಕೊಂಡು ಓಡಿದಳು. ಮುಚ್ಚಲಿಲ್ಲ. ಅಂಗಡಿಯವರು ಬಂದು ತಮ್ಮದು ತೆರೆದರು. ಅವರೂ ಚಟ್ನಿ ಸೀಯುತ್ತಿದೆ ಅಂತ ಇಳಿದು ಓಡಿದರು. ಮೇಲಿನ ಮಹಡಿಯವರು ತಮ್ಮದು ತೆರೆದರು. ಮೂರೂ ತೆರೆದು, ಮೂರು ಕಡೆಯೂ ನೀರು ದಾರದಷ್ಟು. ಸ್ವಲ್ಪ ಹೊತ್ತಿಗೆ ನನ್ನ ಓದಿನ ಜೊತೆಗಾತಿ ತಲೆ ತುಂಬ ಶಾಂಪೂ ನೊರೆ, ಮೇಲೆ ಟವಲು ಸುತ್ತಿಕೊಂಡು ಮೆಟ್ಟಿಲ ಮೇಲೆ ಪ್ರತ್ಯಕ್ಷಳಾದಳು.

"ಅಕ್ಕ, ನಿಮ್ಮ ರೂಲು ಸಕ್ಕತ್ ಲೂಸ್ ಇದೆ" ಅಂದಳು, ಒಂದು ಕಣ್ಣು ಮುಚ್ಚಿಕೊಂಡು.

ನಾನು ಓಡಿಹೋಗಿ ಎರಡು ಮುಚ್ಚಿದೆ. ಕೆಳಗೆ ಕಲ್ಲಿನ ಮೇಲಿಂದ ಅತ್ತೆಯ ನಗು ಕೇಳಿಸುತ್ತಿತ್ತು. "ಇದೇನಾ ನಿನ್ ಲಾಯರ್‌ಗಿರಿ? ಬಿಡು, ಬಿಡು, ಮ್ಯಾಲಿನೋರಿಗೇ ಬಿಡು, ಆ ಉಡ್ಗಿ ಕಣ್ ಉರ್ಕಂಡು ಸಾಯ್ತಾಳೆ." ನನಗೆ ಮೈಯೆಲ್ಲ ಉರಿಯಿತು, ಆದರೆ ಅವರ ನಗು ನೋಡಿ ನನಗೂ ನಗು ಬಂದುಬಿಟ್ಟಿತು. ಬಾಗಿಲು ಜಾಸ್ತಿ ತೆರೆದಿತ್ತು, ಅದೇ ಹಾಲಿನವನ ತಪ್ಪು. ಪುಸ್ತಕದಲ್ಲಿ ಕಲಿತದ್ದು ತಾರಸಿಗೆ ಬರುವಷ್ಟರಲ್ಲಿ ಮರೆತಿದ್ದೆ.

ಎರಡನೇ ನಿಯಮವನ್ನು ಬಿಗಿಯಾಗಿ ಕಟ್ಟಿದೆ. ಹಿಂದಿನ ಸರದಿಯವರು ತಮ್ಮದು ಮುಚ್ಚಿ, ಮುಂದಿನವರಿಗೆ ಬಂದು "ನಮ್ಮದಾಯಿತು" ಅಂತ ಹೇಳಬೇಕು. ಹೇಳದೆ ಯಾರೂ ವಾಲ್ವು ಮುಟ್ಟಕೂಡದು. ಇದನ್ನು ಹೇಳುವಾಗ ದನಿ ಸ್ವಲ್ಪ ಏರಿಸಿಯೇ ಹೇಳಿದೆ. ಇದು ಚೆನ್ನಾಗಿ ನಡೆಯಿತು. ಅತ್ತೆ ಕೂಡ ಕಲ್ಲಿನ ಮೇಲೆ ಕೂತು ಏನೂ ಅನ್ನಲಿಲ್ಲ. ನಾನು ಗೆದ್ದೆ ಅಂತ ಗಂಡನಿಗೆ ಹೇಳಿಯೂ ಆಯಿತು.

ಅಷ್ಟರಲ್ಲಿ ಯುಗಾದಿ ಬಂತು. ಕೆಳಗಿನ ಸಾಲಿನವರು ಅಷ್ಟೂ ಜನ ಊರಿಗೆ ಹೋದರು. ಹಬ್ಬ ಮುಗಿದು ಅಂಗಡಿ ತೆರೆದ ದಿನವೂ ಅವರು ಬಂದಿರಲಿಲ್ಲ. ಆ ಬೆಳಗ್ಗೆ ನನಗೆ ಅಂಗಡಿಯ ಮುಂದೆ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ ಬ್ಯಾಗು ಹೆಗಲಿಗೆ ಹಾಕಿಕೊಂಡ ಜನ ತಿಂಡಿ ಇಲ್ಲ ಅಂತ ಗೊಣಗುತ್ತಾ ನಿಂತಿದ್ದಾರೆ. ಅಂಗಡಿಯವರು ಖಾಲಿ ಇಡ್ಲಿ ಪಾತ್ರೆಯ ಪಕ್ಕ ಕೈಕಟ್ಟಿ ನಿಂತಿದ್ದಾರೆ.

"ಯಾಕಣ್ಣ, ನೀರು ತಗೊಂಡಿಲ್ವಾ?"

"ಕೆಳಗಿನೋರು ಬಂದು ನಮ್ದಾಯ್ತು ಅಂತ ಹೇಳ್ಲಿಲ್ವಲ್ಲಮ್ಮ."

"ಅವರು ಊರಲ್ಲೇ ಇಲ್ವಲ್ಲ."

"ಅದು ನಂಗೂ ಗೊತ್ತು. ಆದ್ರೆ ಹೇಳ್ದೆ ಮುಟ್ಟಂಗಿಲ್ಲ ಅಂತ ನೀವೇ ಅಂದ್ರಲ್ಲ. ಯಾಕ್ ಬೇಕು ನಿಮ್ ಬಾಯಿಗೆ ಬೀಳೋದು ಅಂತ ನಿಂತೆ."

ಮೇಲಿನ ಮಹಡಿಯವರು ಅಂಗಡಿಯವರು ಹೇಳಲಿ ಅಂತ ಬಕೆಟ್ಟು ಹಿಡಿದು ಕಾಯುತ್ತಿದ್ದರು. ತುಂಬಿದ ಟ್ಯಾಂಕು ಮೇಲೆ, ಒಣಗಿದ ನಲ್ಲಿಗಳು ಕೆಳಗೆ, ಎಲ್ಲರೂ ನನ್ನ ನಿಯಮ ಪಾಲಿಸುತ್ತಾ ನಿಂತಿದ್ದರು. ನನ್ನ ಬಾಯಿಗೆ ಇಷ್ಟು ಬೆಲೆ ಇದೆ ಅಂತ ಗೊತ್ತಾಗಿದ್ದು ಆವತ್ತೇ. ಊರಿಂದ ವಾಪಸು ಬಂದ ಗದಗದ ಹೆಂಗಸು ಇದನ್ನು ಕೇಳಿ ಬಾಗಿಲಿಗೆ ಒರಗಿಕೊಂಡು ನಕ್ಕಳು. "ಊರಾಗಿಂದ ಫೋನ್ ಹಚ್ಚಿ, ನಮ್ಮ ನೀರು ಆತ್ರೀಪಾ ಅಂತ ಹೇಳಬೇಕಿತ್ತೇನ್ರೀ ಅಕ್ಕಾರ?" ಅಂದಳು. ಅತ್ತೆ ನಗಲಿಲ್ಲ. "ನೀನಿದ್ದಾಗ, ಯಾರಿಲ್ವೋ ಅವ್ರನ್ನ ಬಿಟ್ಟು ಮುಂದಿನೋರಿಗೆ ತಿರುಗಿಸ್ತಿದ್ದೆ" ಅಂದರು. ಈ ಸಲ ಇಸ್ತ್ರಿಯವನನ್ನು ಹೊರಗೆ ತಳ್ಳಿದ್ದೆ. ಕಾಲೇಜು ನನ್ನ ಕೈಯಿಂದ ಜಾರುತ್ತಿದೆ ಅನ್ನಿಸಿ ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಪರೀಕ್ಷೆ ವೈಟ್‌ಫೀಲ್ಡ್ ಕಡೆ ಬಿತ್ತು. ನನ್ನನ್ನೂ ಹುಡುಗಿಯನ್ನೂ ಗಂಡನೇ ಕಾರಿನಲ್ಲಿ ಕರೆದುಕೊಂಡು ಹೋದ. ಸಿಲ್ಕ್ ಬೋರ್ಡಿನಲ್ಲಿ ಗಾಡಿ ನಿಂತಲ್ಲೇ ನಿಂತಾಗ ನಾನು ಮುಂದಿನ ಲಾರಿಯವನಿಗೆ ಬೈಯಲು ಕಿಟಕಿ ಇಳಿಸಿದೆ. "ಸ್ವಲ್ಪ ಮಿಗಿಸ್ಕೊ, ಪರೀಕ್ಷೆಗೆ ಬೇಕಾಗತ್ತೆ" ಅಂತ ಗಂಡ ಮತ್ತೆ ಏರಿಸಿದ. ಹುಡುಗಿ ಹಿಂದಿನ ಸೀಟಿನಲ್ಲಿ ನಕ್ಕು ನಕ್ಕು ಸುಸ್ತಾದಳು. ಹೊತ್ತಿಗೆ ಸರಿಯಾಗಿ ತಲುಪಿಸಿದ, ಅದನ್ನು ಒಪ್ಪಿಕೊಳ್ಳುತ್ತೇನೆ.

ಕೊನೆಯ ಒಗಟಿನ ಕೊನೆಯಲ್ಲಿ ಅದು ಇತ್ತು. ಕೆಲವು ರೋಗಿಗಳು ಒಬ್ಬರ ನಂತರ ಒಬ್ಬರು ಡಾಕ್ಟರನ್ನು ನೋಡುವ ಕಥೆ; ಇಂಥ ನಿಯಮಕ್ಕೆ ಸಮನಾದದ್ದು ಯಾವುದು? ಮೊದಲ ಉತ್ತರ ಓದಿದ ಕೂಡಲೇ ಇದೇ ಅನ್ನಿಸಿತು. ಕೈ ಹೋಯಿತು, ನಿಲ್ಲಿಸಿದೆ. ಶಾಂಪೂ ತಲೆ ನೆನಪಾಯಿತು. ಹಳೆಯದು ಬೇಡ ಅಂದದ್ದನ್ನು ಇದು ಬಿಡುತ್ತದಾ ಅಂತ ನೋಡಿದೆ, ಬಿಡುತ್ತಿತ್ತು. ಎರಡನೆಯದರಲ್ಲಿ ಇಡ್ಲಿ ಅಂಗಡಿಯವರು ಕೈಕಟ್ಟಿ ನಿಂತಂತೆ ಕಂಡಿತು, ಬಿಟ್ಟೆ. ನಾಲ್ಕನೆಯದು ಮೊದಲ ನೋಟಕ್ಕೆ ಸಂಬಂಧವೇ ಇಲ್ಲದ ಮಾತಿನ ಹಾಗಿತ್ತು. ಮೂಲ ನಿಯಮ ಮುಂಚೆ ಬರುವವನ ಬಗ್ಗೆ ಹೇಳಿದ್ದರೆ, ಇದು ಆಮೇಲೆ ಬರುವವನ ಬಗ್ಗೆ ಹೇಳಿತ್ತು. ಎರಡೂ ಕಡೆಯಿಂದ ನೋಡಿದೆ, ಒಂದು ಎಳೆಯೂ ಮಿಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಅದನ್ನೇ ಗುರುತು ಹಾಕಿದೆ.

ಗುರುತು ಹಾಕುತ್ತಿರುವಾಗಲೇ ತಾರಸಿಯೂ ಬಿಡಿಸಿಕೊಂಡಿತು. ನಾನು ಎರಡು ಸಲವೂ ಮುಗಿಸಿದವರ ತಲೆಗೆ ಕೆಲಸ ಕಟ್ಟಿದ್ದೆ. ಮುಗಿಸಿದವರಿಗೆ ಬಸ್ಸು, ಚಟ್ನಿ, ಊರು. ಅವರಿಗೆ ವಾಲ್ವಿನ ಗರಜು ಏನಿದೆ? ನೀರು ಬೇಕಾಗಿರುವುದು ಮುಂದೆ ಬರುವವರಿಗೆ. ಕೆಲಸ ಅವರಿಗೆ ಕಟ್ಟಬೇಕು. ತಮ್ಮ ಹೊತ್ತಿಗೆ ತೆರೆಯಲು ಬಂದವರು ಮೊದಲು ತೆರೆದಿರುವುದನ್ನು ಮುಚ್ಚಬೇಕು, ಆಮೇಲೆ ತಮ್ಮದು ತೆರೆಯಬೇಕು. ಅಷ್ಟೇ. ಎರಡು ಒಟ್ಟಿಗೆ ತೆರೆದಿರುವ ಹಾಗೇ ಇಲ್ಲ, ಊರಿಗೆ ಹೋದವರಿಗಾಗಿ ಕಾಯುವ ಹಾಗೂ ಇಲ್ಲ. ಪರೀಕ್ಷೆಯ ಕೋಣೆಯಲ್ಲಿ ನಾನು ಒಬ್ಬಳೇ ನಗುತ್ತಿದ್ದೆನಂತೆ. ಪಕ್ಕದವಳು ಹೆದರಿ ನನ್ನ ಕಡೆ ನೋಡಿದಳು ಅಂತ ಹುಡುಗಿ ಆಮೇಲೆ ಹೇಳಿದಳು.

ಫಲಿತಾಂಶ ಬಂತು. ಇಬ್ಬರಿಗೂ ಸೀಟು ಸಿಕ್ಕಿತು, ಅವಳಿಗೆ ಪೀಣ್ಯದ ಕಡೆಯ ಕಾಲೇಜಿನಲ್ಲಿ, ನನಗೆ ನಮ್ಮ ಹೊಸೂರು ರಸ್ತೆಯ ಬೆಳಗಿನ ಕಾಲೇಜಿನಲ್ಲಿ. ಮನೆಯಲ್ಲಿ ಒಬ್ಬಟ್ಟು ಮಾಡಿದೆವು. ಅತ್ತೆ ಒಬ್ಬಟ್ಟು ತಿಂದು, "ಸರದಿ?" ಅಂತ ಒಂದೇ ಮಾತು ಕೇಳಿದರು. ನಾಳೆ ನೋಡಿ ಅಂದೆ.

ಮಾರನೆಯ ದಿನ ನಾನು ಕಾಲೇಜಿಗೆ ಹೋಗಿದ್ದೇನೆ ಅಂತಲೇ ಎಲ್ಲರೂ ನಡೆದುಕೊಳ್ಳಬೇಕು ಅಂತ ಹೇಳಿ, ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಕೆಮ್ಮಲೂ ಇಲ್ಲ. ಗದಗದ ಹೆಂಗಸು ತೆರೆದಳು, ನೀರು ಹಿಡಿದಳು, ಬಸ್ಸಿಗೆ ಓಡಿದಳು. ಅಂಗಡಿಯವರು ಬಂದು ಅವಳದು ಮುಚ್ಚಿ ತಮ್ಮದು ತೆರೆದರು. ಹುಡುಗಿ ಅಂಗಡಿಯದು ಮುಚ್ಚಿ ಮಹಡಿಯದು ತೆರೆದಳು. ಕೊನೆಗೆ ನನ್ನ ಗಂಡ ಆಕಳಿಸುತ್ತಾ ಹತ್ತಿಹೋಗಿ ನಮ್ಮದು ತೆರೆದ. ಯಾವ ನಲ್ಲಿಯೂ ಅಳಲಿಲ್ಲ, ಯಾರ ಬಾಯಲ್ಲೂ ಒಂದು ಮಾತು ಬರಲಿಲ್ಲ. ಮರುದಿನವೂ ನಾನು ಹಾಗೇ ಒಳಗೆ ಕೂತೆ. ಅವತ್ತು ಕೆಳಗಿನ ಸಾಲಿನವರಿಗೆ ರಜೆ, ಯಾರೂ ಬೇಗ ಏಳಲಿಲ್ಲ. ಅಂಗಡಿಯವರು ತಮ್ಮ ಹೊತ್ತಿಗೆ ಬಂದು ತೆರೆದುಕೊಂಡರು. ಅದೂ ಸರಿಹೋಯಿತು.

ನಾನು ಬಾಗಿಲು ತೆಗೆದು ಅಂಗಳಕ್ಕೆ ಬಂದೆ. ಅತ್ತೆ ಕಲ್ಲಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಕಾಫಿ ಲೋಟ ಕೆನೆ ಕಟ್ಟಿ ತಣ್ಣಗಾಗಿತ್ತು.

"ನೋಡಿದ್ರಾ ಅತ್ತೆ? ಹಳೇದಕ್ಕೂ ಇದಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ, ನೀವೇ ಹೇಳಿ."

"ನೀರ್ಗೆ ಇಲ್ಲ" ಅಂದರು.

ಅವರ ದನಿ ಸರಿ ಇರಲಿಲ್ಲ. ನಾನು ಕೆಳಗೆ ಕೂತೆ. ಮಂಡಿ ನೋಯುತ್ತಿದೆಯಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದರು. ತಾರಸಿ ಕಡೆ ನೋಡುತ್ತಾ ಹೇಳಿದರು.

"ನೀನ್ ಮ್ಯಾಲಿಂದ ಕೂಗ್ತಿದ್ದೆ, ನಾನ್ ಕೆಳಗಿಂದ ಕೂಗ್ತಿದ್ದೆ. ನೆನ್ನೆ ನೀರು ಬಂತು, ಓಯ್ತು. ಇವತ್ತೂ ಬಂತು, ಓಯ್ತು. ಎಲ್ರೂ ಬಂದ್ರು, ತಿರುಗಿಸಿದ್ರು, ಓದ್ರು. ನನ್ ಕೂಟೆ ಯಾರೂ ಒಂದ್ ಮಾತಾಡ್ಲಿಲ್ಲ ಕಣಮ್ಮ. ನೀನಿಲ್ದಿದ್ರೂ ಎಲ್ಲಾ ನಡೀತದೆ ಅಂತ ತೋರ್ಸ್‌ಬಿಟ್ಟೆ. ನನಗೇ ನಡೆಯಕಿಲ್ಲ."

ನನಗೆ ಅಳು ಬಂದುಬಿಟ್ಟಿತು. ನೀರನ್ನು ಎರಡೂ ಕಡೆಯಿಂದ ನೋಡಿದ್ದೆ, ಬಸ್ಸು ನೋಡಿದ್ದೆ, ಚಟ್ನಿ ನೋಡಿದ್ದೆ, ಊರಿಗೆ ಹೋದವರನ್ನೂ ನೋಡಿದ್ದೆ. ಕಲ್ಲಿನ ಮೇಲೆ ಕೂತವರನ್ನು ನೋಡಿರಲಿಲ್ಲ. "ಹಂಗಾದ್ರೆ ಬೇಡ ಬಿಡಿ ಅತ್ತೆ, ಮುಂದಿನ ವರ್ಷ ನೋಡಿದ್ರಾಯ್ತು" ಅಂದೆ. ನಿಜವಾಗಿಯೂ ಆ ಗಳಿಗೆಯಲ್ಲಿ ಹೋಗುವ ಮನಸ್ಸಿರಲಿಲ್ಲ.

ಅವರು ಗಕ್ಕನೆ ನನ್ನ ಕಡೆ ತಿರುಗಿದರು. "ಓಗಲ್ಲ ಅಂದ್ರೆ ಕಾಲ್ ಮುರೀತೀನಿ. ಬೀದಿಗೆಲ್ಲ ಒಬ್ಬಟ್ಟು ಅಂಚಿವ್ನಿ, ನಾನ್ಯಾವ ಮಕ ಇಕ್ಕಂಡು ತಿರುಗ್ಲಿ?" ಸೆರಗಿನಿಂದ ಮೂಗು ಒರೆಸಿಕೊಂಡರು. "ಓಗು. ಓದು. ಆದ್ರೆ ಮಧ್ಯಾನ ಬಂದು, ಅಲ್ಲಿ ಏನೇನಾಯ್ತು, ಯಾರ್ಯಾರು ಏನೇನಂದ್ರು, ಅಷ್ಟೂ ನಂಗೆ ಏಳ್ಬೇಕು. ನೀನ್ ಬಂದು ಏಳೋಗಂಟ ನಾನು ತಟ್ಟೆ ಮುಟ್ಟಾಕಿಲ್ಲ."

ಅವರು ಹೊತ್ತಿಗೆ ಸರಿಯಾಗಿ ಊಟ ಮಾಡಿ ಮಾತ್ರೆ ನುಂಗಬೇಕು, ಇದೇನು ಹಟ ಅಂತ ಗಂಡ ರೇಗಿದ. ಅವನ ಮಾತನ್ನು ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಲೇಜಿನ ಮೊದಲ ದಿನ ಮುಗಿಸಿ, ಬಸ್ಸಿಳಿದು ಬಿಸಿಲಲ್ಲಿ ಓಡೋಡಿ ಬಂದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದರು. ಮುಂದೆ ಎರಡು ತಟ್ಟೆ, ಎರಡರಲ್ಲೂ ಮುದ್ದೆ, ಸೊಪ್ಪಿನ ಸಾರು. ನಾನು ಕೈ ತೊಳೆಯುವುದಕ್ಕೂ ಬಿಡಲಿಲ್ಲ.

"ಊಂ, ಏಳು."

ಮೇಷ್ಟ್ರು ಏನು ಹೇಳಿದರು ಅಂತ ಹೇಳಿದೆ. ಕೇಳಿಸಿಕೊಂಡರು, ತಟ್ಟೆ ಮುಟ್ಟಲಿಲ್ಲ. ಕಾಲೇಜಿನ ಕಟ್ಟಡ ಹೇಗಿದೆ, ನೀರಿನ ನಲ್ಲಿ ಎಲ್ಲಿದೆ, ಅದೂ ಹೇಳಿದೆ. ಇನ್ನೂ ಮುಟ್ಟಲಿಲ್ಲ. ಸಾರಿನ ಕಡೆ ನೋಡುತ್ತಾ, ಎಷ್ಟೋ ಹೊತ್ತಿನಿಂದ ಕೇಳಬೇಕು ಅಂತ ಇಟ್ಟುಕೊಂಡವರ ಹಾಗೆ ಮೆಲ್ಲಗೆ ಕೇಳಿದರು.

"ಅಲ್ಲಿ ನಿನ್ ಪಕ್ಕ ಯಾರ್ ಕೂತಿದ್ರು?"

"ಒಬ್ಬಳು ಬ್ಯಾಂಕಲ್ಲಿ ಕೆಲಸ ಮಾಡೋಳು."

"ಚೆನ್ನಾಗ್ ಮಾತಾಡ್ತಾಳಾ?"

"ಪರವಾಗಿಲ್ಲ" ಅಂದೆ. "ನಿಮ್ಮಷ್ಟಿಲ್ಲ ಅತ್ತೆ. ಆ ಕಾಲೇಜಲ್ಲಿ ನಿಮ್ಮಷ್ಟು ಮಾತಾಡೋರು ಯಾರೂ ಇಲ್ಲ."

ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಮುದ್ದೆಗೆ ಕೈ ಹಾಕಿದರು.